ತಿದ್ದಿಕೊಂಡ ಸಾಕ್ಷಿ



ನಮ್ಮ ಹಳ್ಳಿಯ ಸಭೆಯಲ್ಲಿ ನಾನು ಹದಿನೇಳು ವರ್ಷ ಖಜಾಂಚಿಯಾಗಿ ಸೇವೆ ಸಲ್ಲಿಸಿದ್ದೇನೆ. ಭಾನುವಾರದ ಆರಾಧನೆ ಮುಗಿದು ಜನರು ಮನೆಗೆ ಹೊರಟ ಮೇಲೆ ವೆಸ್ಟ್ರಿಯ ಮೇಜಿನ ಮೇಲೆ ಕಾಣಿಕೆ ಚೀಲಗಳನ್ನು ಸುರಿದು ಎಣಿಸುವುದು ನನ್ನ ಕೆಲಸವಾಗಿತ್ತು. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದವು ಸ್ತೋತ್ರ ಕಾಣಿಕೆಯ ಕವರುಗಳು. ಒಳಗೆ ಹತ್ತೋ ಐವತ್ತೋ ರೂಪಾಯಿ ಇರುತ್ತದೆ. ಹೊರಗೆ ಅದನ್ನು ಕೊಟ್ಟ ಕಾರಣ ಬರೆದಿರುತ್ತದೆ. 'ಹಸು ಸುಖವಾಗಿ ಈದದ್ದಕ್ಕೆ', 'ಮಗಳು ಬೆಂಗಳೂರಿನಿಂದ ಕ್ಷೇಮವಾಗಿ ಬಂದದ್ದಕ್ಕೆ', 'ಮಳೆಗೆ ಬಿದ್ದ ಗೋಡೆ ಹೊರಗಡೆಗೆ ಬಿದ್ದದ್ದಕ್ಕೆ'. ಈ ಕೊನೆಯದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಗೋಡೆ ಬಿದ್ದದ್ದು ನಷ್ಟವೇ. ಆದರೆ ಒಳಗಡೆ ಮಕ್ಕಳು ಮಲಗಿದ್ದರು.

ದೇವರ ಕಾಪಾಡುವಿಕೆಗೆ ಕೃತಜ್ಞತೆ ಸಲ್ಲಿಸುವುದು ನಮಗೆಲ್ಲರಿಗೂ ರೂಢಿಯಾದ ಸಂಗತಿ. ಆದರೆ ಅದನ್ನು ಹೇಗೆ ಸಲ್ಲಿಸಬೇಕೆಂಬುದನ್ನು ನಾನು ಕಲಿತದ್ದು ಐವತ್ತು ದಾಟಿದ ಮೇಲೆ. ಅದೂ ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

2005ರ ಡಿಸೆಂಬರ್ ತಿಂಗಳು. ಭತ್ತದ ಕೊಯ್ಲು ನಡೆದಿತ್ತು. ಕ್ರಿಸ್ತ ಜಯಂತಿಗೆ ಮುಂಚಿನ ವಾರಗಳಲ್ಲಿ ಪ್ರತಿ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನೆ ನಡೆಸುವುದು ನಮ್ಮಲ್ಲಿ ಪದ್ಧತಿ. ಆ ಸಂಜೆ ಕರೆಂಟು ಹೋಗಿತ್ತು. ಸತ್ಯವೇದವನ್ನು ಕಂಕುಳಲ್ಲಿಟ್ಟುಕೊಂಡು ಗದ್ದೆಯ ಬದುವಿನ ಮೇಲೆ ಹೊರಟೆ. ಟಾರ್ಚಿನ ಸೆಲ್ಲು ಮುಗಿಯುತ್ತ ಬಂದಿತ್ತು. ಬದಲಾಯಿಸಬೇಕೆಂದು ನನ್ನ ಹೆಂಡತಿ ಎರಡು ದಿನದಿಂದ ಹೇಳುತ್ತಲೇ ಇದ್ದಳು. ಬದು ಮುಗಿದು ಕೇರಿ ಸೇರುವ ತಿರುವಿನಲ್ಲಿ ಕುಕ್ಕರ್ ಉಗಿ ಬಿಟ್ಟಂತೆ ಬುಸ್ಸೆಂಬ ಸದ್ದು ಕೇಳಿಸಿತು. ಮರುಕ್ಷಣ ಬಲಗಾಲಿನ ಹರಡಿನ ಬಳಿ ಕೆಂಡ ತಗುಲಿದಂತಾಯಿತು. ಅದು ಕೊಳಕುಮಂಡಲ.

ನನ್ನ ಕೂಗು ಕೇಳಿ ಮೊದಲು ಬಂದವರು ತಿರುವಿನ ಮನೆಯ ಅಕ್ಕ. ನಮ್ಮ ಸಭೆಯವರೇ, ವಿಧವೆ, ನನಗಿಂತ ಹತ್ತು ವರ್ಷ ಹಿರಿಯರು. ಕೈಯಲ್ಲಿ ಕಂದೀಲು ಹಿಡಿದು ಬಂದರು. ಅವರ ಹಿಂದೆ ಜನ ಸೇರಿತು. ಒಬ್ಬರು ಹಗ್ಗ ತಂದರು, ಇನ್ನೊಬ್ಬರು ಬ್ಲೇಡು ತಂದರು. ಮದ್ದು ಕೊಡುವವರ ಊರಿಗೆ ಹೋಗೋಣವೆಂದು ಮತ್ತೊಬ್ಬರು ಹೇಳಿದರು. ಅಕ್ಕ ನನ್ನ ಕಾಲಿಗೆ ಅಡ್ಡವಾಗಿ ನಿಂತರು. "ಯಾರೂ ಕಟ್ಟಬೇಡಿ, ಯಾರೂ ಕುಯ್ಯಬೇಡಿ. ಮೇಷ್ಟ್ರನ್ನ ನಡೆಸಲೂಬೇಡಿ. ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಹೋಗಿ" ಎಂದರು. ಅವರ ದನಿಯಲ್ಲಿದ್ದ ಗಟ್ಟಿತನಕ್ಕೆ ಯಾರೂ ಎದುರಾಡಲಿಲ್ಲ. ಪಕ್ಕದ ಊರಿನ ಮುಸ್ಲಿಂ ಸಹೋದರರೊಬ್ಬರು ತಮ್ಮ ಬಾಡಿಗೆ ಜೀಪಿನಲ್ಲಿ ನನ್ನನ್ನು ಮಲಗಿಸಿಕೊಂಡು ಮುಕ್ಕಾಲು ಗಂಟೆಯಲ್ಲಿ ಪಟ್ಟಣದ ಆಸ್ಪತ್ರೆ ತಲುಪಿಸಿದರು. ಬಾಡಿಗೆಯನ್ನು ಅವರು ಇಂದಿಗೂ ತೆಗೆದುಕೊಂಡಿಲ್ಲ.

ಆಸ್ಪತ್ರೆಯಲ್ಲಿ ನನ್ನ ರಕ್ತವನ್ನು ಗಾಜಿನ ನಳಿಕೆಯಲ್ಲಿ ತೆಗೆದು ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರು. ಹೆಪ್ಪುಗಟ್ಟಲಿಲ್ಲ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ, ಮುಂದೆ ಮೂತ್ರಪಿಂಡಗಳನ್ನೂ ಹಾಳುಮಾಡಬಲ್ಲದು ಎಂದು ವೈದ್ಯರು ವಿವರಿಸಿದರು. ರಾತ್ರಿಯಿಡೀ ವಿಷನಿರೋಧಕ ಔಷಧಿಯನ್ನು ಹನಿಹನಿಯಾಗಿ ಇಳಿಸಿದರು. ಒಂಬತ್ತನೆಯ ದಿನ ನಾನು ಮನೆಗೆ ಬಂದೆ.

2006ರ ಜನವರಿಯ ಮೊದಲ ಭಾನುವಾರ ಅಯ್ಯನವರು ನನ್ನನ್ನು ಸಾಕ್ಷಿ ಹೇಳಲು ಕರೆದರು. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ; ಮಾತಿಗೇನು ಕೊರತೆ? ನಾನು ಪ್ರಾರ್ಥನೆಗೆ ಹೊರಟಿದ್ದೆ, ನನ್ನ ಕಂಕುಳಲ್ಲಿ ದೇವರ ವಾಕ್ಯವಿತ್ತು, ಆದುದರಿಂದ ಕರ್ತನು ತನ್ನ ದೂತರನ್ನು ಕಳುಹಿಸಿ ನನ್ನನ್ನು ಉಳಿಸಿದನು ಎಂದು ಹೇಳಿದೆ. ಸಭೆಯವರು ಸ್ತೋತ್ರ ಎಂದರು. ಹಲವರು ಕಣ್ಣೊರೆಸಿಕೊಂಡರು. ಕಂದೀಲಿನ ಮಾತಾಗಲಿ, ಜೀಪಿನ ಮಾತಾಗಲಿ ನನ್ನ ಸಾಕ್ಷಿಯಲ್ಲಿ ಬರಲಿಲ್ಲ.

ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಆ ಅಕ್ಕ ನಿಂತಿದ್ದರು. "ಸಾಕ್ಷಿ ಚೆನ್ನಾಗಿತ್ತು ಮೇಷ್ಟ್ರೇ" ಎಂದರು. ಸ್ವಲ್ಪ ತಡೆದು, "ನನ್ನ ಮಗನೂ ಅವತ್ತು ಪ್ರಾರ್ಥನೆಯಿಂದಲೇ ಬರ್ತಿದ್ದ" ಎಂದರು. ಅಷ್ಟೇ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡೆದುಹೋದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪ್ರಿಯರೇ, ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಅವರ ಮಗ ತೀರಿಕೊಂಡದ್ದು 1994ರ ಡಿಸೆಂಬರಿನಲ್ಲಿ. ಹತ್ತೊಂಬತ್ತು ವರ್ಷದ ಹುಡುಗ, ಒಳ್ಳೆಯ ಕಂಠ. ಕ್ರಿಸ್ತ ಜಯಂತಿಯ ಹಾಡುಗಳನ್ನು ಕಲಿತು, ಪ್ರಾರ್ಥನೆ ಮುಗಿಸಿ ಅದೇ ಬದುವಿನ ಮೇಲೆ ಬರುತ್ತಿದ್ದಾಗ ಅದೇ ಜಾತಿಯ ಹಾವು ಕಚ್ಚಿತು. ಆ ರಾತ್ರಿ ನಾನೂ ಅಲ್ಲಿದ್ದೆ. ಕಾಲಿಗೆ ಹಗ್ಗ ಬಿಗಿದರು, ಬ್ಲೇಡಿನಿಂದ ಕೊಯ್ದರು, ಗಾಡಿಯಲ್ಲಿ ಮದ್ದಿನವರ ಊರಿಗೆ ಕೊಂಡೊಯ್ದರು. ವಿದ್ಯಾವಂತನೆಂದು ಆ ತಾಯಿ ಒಮ್ಮೆ ನನ್ನ ಮುಖ ನೋಡಿದರು. ಆಸ್ಪತ್ರೆಗೆ ಹೋಗಬೇಕೆಂದು ನನಗೆ ತಿಳಿದಿತ್ತು. ಆದರೆ ಹಿರಿಯರ ಮಾತಿಗೆ ಎದುರಾಡುವುದು ಬೇಡವೆಂದು ಸುಮ್ಮನಿದ್ದೆ. ಬೆಳಗಾದ ಮೇಲೆ ಆಸ್ಪತ್ರೆಗೆ ಸೇರಿಸಿದರು. ಮೂರನೆಯ ದಿನ ಹುಡುಗ ಹೋದ.

ನನಗೆ ಹಾವು ಕಚ್ಚಿದಾಗ ಹಗ್ಗಕ್ಕೂ ಬ್ಲೇಡಿಗೂ ಅಡ್ಡ ನಿಂತವರು ಆ ತಾಯಿಯೇ. ತನ್ನ ಮಗನನ್ನು ಕಳೆದುಕೊಂಡು ಕಲಿತದ್ದನ್ನು, ಅಂದು ಬಾಯಿಬಿಡದ ನನಗೋಸ್ಕರ ಬಳಸಿದರು. ನಾನಾದರೋ ಅವರ ಎದುರಿನಲ್ಲೇ ನಿಂತು, ದೇವರು ಪ್ರಾರ್ಥನೆಗೆ ಹೋಗುವವರನ್ನು ಕಾಪಾಡುತ್ತಾನೆಂದು ಸಾರಿದ್ದೆ.

ಆ ವರ್ಷವೆಲ್ಲ ನನ್ನ ಸತ್ಯವೇದ ಪಠಣ ಈ ಪ್ರಶ್ನೆಯ ಸುತ್ತಲೇ ಸುತ್ತಿತು. ಅಪೊಸ್ತಲರ ಕೃತ್ಯಗಳ ಇಪ್ಪತ್ತೆಂಟನೆಯ ಅಧ್ಯಾಯವನ್ನು ನೀವೂ ಬಲ್ಲಿರಿ. ಹಡಗು ಒಡೆದು ಪೌಲನು ಮೆಲೀತೆ ದ್ವೀಪವನ್ನು, ಅಂದರೆ ಇಂದಿನ ಮಾಲ್ಟಾವನ್ನು ಸೇರುತ್ತಾನೆ. ಚಳಿ ಕಾಯಿಸಲು ಕಟ್ಟಿಗೆ ಒಟ್ಟುವಾಗ ಹಾವು ಅವನ ಕೈಯನ್ನು ಹಿಡಿಯುತ್ತದೆ. ಇವನು ಕೊಲೆಗಾರನೇ ಇರಬೇಕು, ಸಮುದ್ರದಿಂದ ತಪ್ಪಿಸಿಕೊಂಡರೂ ನ್ಯಾಯವು ಬಿಡಲಿಲ್ಲವೆಂದು ದ್ವೀಪದವರು ಮಾತಾಡಿಕೊಳ್ಳುತ್ತಾರೆ. ಅವನಿಗೇನೂ ಆಗದಿರುವುದನ್ನು ಕಂಡಾಗ ಇವನು ದೇವರೇ ಸರಿ ಎನ್ನುತ್ತಾರೆ. ಹಾವು ಕಚ್ಚಿದ್ದು ಪಾಪದ ಗುರುತೆಂಬುದು ಮೊದಲ ತೀರ್ಪು. ಬದುಕುಳಿದದ್ದು ಶ್ರೇಷ್ಠತೆಯ ಗುರುತೆಂಬುದು ಎರಡನೆಯ ತೀರ್ಪು. ಎರಡೂ ತಪ್ಪು. ನನ್ನ ಸಾಕ್ಷಿಯಲ್ಲಿ ಆ ಎರಡನೆಯ ತೀರ್ಪು ಅಡಗಿತ್ತು. ನನ್ನ ಭಕ್ತಿಯಿಂದ ನಾನು ಉಳಿದೆನೆಂದರೆ, ಆ ಹುಡುಗ ಭಕ್ತಿ ಸಾಲದೆ ಸತ್ತನೆಂದು ಹೇಳಿದಂತಾಯಿತಲ್ಲವೇ?

ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ಪ್ರಸ್ತಾಪಿಸಿದಾಗ ನಮ್ಮ ಕರ್ತನು, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಎಣಿಕೆಯನ್ನು ಖಂಡಿತವಾಗಿ ತಳ್ಳಿಹಾಕಿದನು. ಗುಬ್ಬಚ್ಚಿಗಳ ವಿಷಯದಲ್ಲೂ ಹಾಗೆಯೇ. ಅವು ನೆಲಕ್ಕೆ ಬೀಳುವುದೇ ಇಲ್ಲವೆಂದು ಅವನು ಹೇಳಲಿಲ್ಲ; ಬೀಳುವಾಗಲೂ ತಂದೆಯು ಅವುಗಳನ್ನು ಬಿಟ್ಟಿರುವುದಿಲ್ಲವೆಂದು ತಿಳಿಸಿದನು. ದೂತರು ಕಾಯುವರೆಂಬ ತೊಂಬತ್ತೊಂದನೆಯ ಕೀರ್ತನೆಯ ಮಾತನ್ನು ಶೋಧಕನು ಎತ್ತಿ ಹೇಳಿ ದೇವಾಲಯದ ಶಿಖರದಿಂದ ದುಮುಕಲು ಪ್ರೇರೇಪಿಸಿದಾಗ ಕರ್ತನು ದುಮುಕಲಿಲ್ಲ. ಸೆಲ್ಲಿಲ್ಲದ ಟಾರ್ಚು ಹಿಡಿದು ಕತ್ತಲಲ್ಲಿ ಹೊರಟ ನನ್ನನ್ನು ಈ ವಾಕ್ಯ ನೇರವಾಗಿ ಚುಚ್ಚಿತು.

ಹಾಗಾದರೆ ದೇವರು ನನ್ನನ್ನು ಕಾಪಾಡಲಿಲ್ಲವೇ? ಕಾಪಾಡಿದನು, ಅದರಲ್ಲಿ ನನಗೆ ಅನುಮಾನವಿಲ್ಲ. ಹೇಗೆ ಕಾಪಾಡಿದನೆಂಬುದನ್ನು ನಾನು ವಿಚಾರಿಸಿರಲಿಲ್ಲ, ಅಷ್ಟೆ. ನನ್ನ ದೇಹಕ್ಕಿಳಿದ ಔಷಧಿ ಎಲ್ಲಿಂದ ಬಂತೆಂದು ಮುಂದೊಮ್ಮೆ ವೈದ್ಯರನ್ನು ಕೇಳಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿರೋಧಕ ಅಂಶವನ್ನು ಬೇರ್ಪಡಿಸಿ ಅದನ್ನು ತಯಾರಿಸುತ್ತಾರೆ. ಅದಕ್ಕೆ ಬೇಕಾದ ವಿಷವನ್ನು ಒದಗಿಸುವವರಲ್ಲಿ ಚೆನ್ನೈ ಸಮೀಪದ ಇರುಳ ಬುಡಕಟ್ಟಿನವರ ಸಹಕಾರ ಸಂಘ ಮುಖ್ಯವಾದದ್ದು. 1978ರಲ್ಲಿ ಆರಂಭವಾದ ಸಂಘವದು. ಹಾವನ್ನು ಬರಿಗೈಯಲ್ಲಿ ಹಿಡಿಯುವ ಇರುಳರು, ಹೆಸರಿಲ್ಲದ ಒಂದು ಕುದುರೆ, ರಾತ್ರಿ ಪಾಳಿಯ ದಾದಿ, ಜೀಪಿನ ಸಹೋದರ, ಕಂದೀಲು ಹಿಡಿದ ಅಕ್ಕ. ನಾನು ದೂತರೆಂದು ಕರೆದದ್ದು ಇವರನ್ನೇ. ಹೆಸರು ಹೇಳದೆ ಕರೆದಿದ್ದೆ.

2006ರ ಏಪ್ರಿಲಿನಲ್ಲಿ ನನ್ನನ್ನು ಖಜಾಂಚಿಯಾಗಿ ಆರಿಸಿದರು. ಆ ಡಿಸೆಂಬರಿನ ಒಂದು ಭಾನುವಾರ ಕವರುಗಳನ್ನು ಬಿಡಿಸುತ್ತಿದ್ದಾಗ ಒಂದು ಹಳೆಯ ಕವರು ಕೈಗೆ ಬಂತು. ಶಾಲೆಯ ಹುಡುಗಿಯ ದುಂಡಗಿನ ಅಕ್ಷರ. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಬರೆದಿದ್ದಳು. ಒಳಗೆ ಇಪ್ಪತ್ತು ರೂಪಾಯಿ. ಹೊರಗೆ ಹೀಗಿತ್ತು: 'ಮಗನನ್ನು ಹತ್ತೊಂಬತ್ತು ವರ್ಷ ಕೊಟ್ಟದ್ದಕ್ಕೆ.'

ಹಿಂದಿನ ಲೆಕ್ಕದ ಪುಸ್ತಕಗಳನ್ನು ತೆರೆದು ನೋಡಿದೆ. 1995ರಿಂದ ಪ್ರತಿ ಡಿಸೆಂಬರಿನಲ್ಲೂ ಅವರ ಹೆಸರಿನಲ್ಲಿ ಒಂದು ಸ್ತೋತ್ರ ಕಾಣಿಕೆ ಇತ್ತು. ನನಗೆ ಎಣಿಸುವುದನ್ನು ಮುಂದುವರಿಸಲಾಗಲಿಲ್ಲ.

2007ರ ಸುಗ್ಗಿ ಹಬ್ಬದ ದಿನ ಅಯ್ಯನವರ ಅಪ್ಪಣೆ ಪಡೆದು ಮತ್ತೊಮ್ಮೆ ಸಭೆಯ ಮುಂದೆ ನಿಂತೆ. ಹಿಂದಿನ ದಿನವೇ ಅಕ್ಕನ ಮನೆಗೆ ಹೋಗಿ, 1994ರ ಆ ರಾತ್ರಿಯ ನನ್ನ ಮೌನಕ್ಕೆ ಕ್ಷಮೆ ಕೇಳಿದ್ದೆ. ಅವರು ಬಹಳ ಹೊತ್ತು ಅತ್ತರು, ನಾನೂ ಅತ್ತೆ. ಸಭೆಯಲ್ಲಿ ನಾನು ಹೇಳಿದ್ದು ಸ್ವಲ್ಪವೇ. ನನ್ನ ಹಿಂದಿನ ಸಾಕ್ಷಿಯಲ್ಲಿ ತಪ್ಪಿತ್ತು, ನನ್ನ ಭಕ್ತಿ ನನ್ನನ್ನು ಉಳಿಸಲಿಲ್ಲ, ದೇವರು ಇಂಥಿಂಥವರ ಕೈಯಿಂದ ನನ್ನನ್ನು ಉಳಿಸಿದನು, ಅದೇ ದೇವರು ಆ ಹುಡುಗನನ್ನೂ ಕೈಬಿಟ್ಟಿಲ್ಲ, ಕೈಬಿಟ್ಟವರು ನಾವು. ಈ ಸಲ ಯಾರೂ ಸ್ತೋತ್ರ ಎನ್ನಲಿಲ್ಲ. ಹೊರಗೆ ಕುಂಬಳಕಾಯಿ, ಬಾಳೆಗೊನೆಗಳ ಹರಾಜು ಆರಂಭವಾದಾಗ ಅಕ್ಕ ಹತ್ತಿರ ಬಂದು ಕೇಳಿದರು: "ಅದಿರಲಿ ಮೇಷ್ಟ್ರೇ, ಟಾರ್ಚಿಗೆ ಹೊಸ ಸೆಲ್ಲು ಹಾಕಿಸಿದ್ರಾ?"

ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತಲೂ ಕೈಪಿಡಿಗೋಡೆ ಕಟ್ಟಬೇಕು, ಇಲ್ಲವಾದರೆ ಯಾರಾದರೂ ಬಿದ್ದು ಸತ್ತ ಅಪರಾಧ ಆ ಮನೆಯ ಮೇಲೆ ಬರುವುದೆಂದು ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಒಂದು ಆಜ್ಞೆಯಿದೆ. ನಾವು ಅದನ್ನು ಓದಿ ಮುಂದೆ ಸಾಗಿಬಿಡುತ್ತೇವೆ. ಆದರೆ ದೇವರ ಕಾಪಾಡುವಿಕೆ ಬಹುಪಾಲು ಇಂತಹ ಗೋಡೆಗಳ ರೂಪದಲ್ಲಿಯೇ ನಮ್ಮ ಬಳಿಗೆ ಬರುತ್ತದೆ. ಆ ಸುಗ್ಗಿ ಹಬ್ಬದ ಹಣದಲ್ಲಿ ನಮ್ಮ ಸಭೆ ಆರು ಟಾರ್ಚುಗಳನ್ನು ಕೊಂಡು ದೇವಾಲಯದ ಬಾಗಿಲ ಬಳಿ ತೂಗುಹಾಕಿತು. ರಾತ್ರಿ ಪ್ರಾರ್ಥನೆಯಿಂದ ಹೋಗುವವರು ಒಯ್ದು ಮರಳಿ ತರಬೇಕು. ಹಾವು ಕಚ್ಚಿದರೆ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಉಂಗುರ, ಕಾಲ್ಬಳೆ ತೆಗೆದು, ಕಚ್ಚಿದ ಭಾಗವನ್ನು ಅಲುಗಿಸದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂದು ಬರೆದ ಹಲಗೆಯೂ ಅಲ್ಲಿದೆ. ಈಗ ಅದರ ಕೆಳಗೆ 108 ಎಂಬ ಸಂಖ್ಯೆಯನ್ನೂ ಸೇರಿಸಿದ್ದಾರೆ.

ಇದು ನಮ್ಮ ಒಂದು ಹಳ್ಳಿಯ ಕಥೆಯಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವಿನ ಕಡಿತದಿಂದ ಸತ್ತಿರಬೇಕೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಹಳ್ಳಿಗಳಲ್ಲಿ ವಾಸಿಸುವವರು. 2024ರಲ್ಲಿ ನಮ್ಮ ಕರ್ನಾಟಕ ಸರ್ಕಾರವು ಹಾವಿನ ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ಎಣಿಕೆಗೆ ಬಾರದೆ ಹೋದ ಗುಬ್ಬಚ್ಚಿಗಳನ್ನು ಎಣಿಸುವ ಕೆಲಸವಿದು ಎಂದು ಆ ಸುದ್ದಿ ಓದಿದಾಗ ನನಗೆ ಅನ್ನಿಸಿತು.

ಅಕ್ಕ 2019ರಲ್ಲಿ ಕರ್ತನಲ್ಲಿ ನಿದ್ರೆ ಹೋದರು. ಕೊನೆಯ ಡಿಸೆಂಬರಿನ ಕವರಿನಲ್ಲೂ ಅದೇ ಮಾತು, ಅದೇ ಹತ್ತೊಂಬತ್ತು ವರ್ಷ ಇತ್ತು. ಇದನ್ನು ಬರೆಯಲು ಅವರ ಮಗಳ ಒಪ್ಪಿಗೆ ಪಡೆದಿದ್ದೇನೆ.

ಪ್ರಿಯ ಓದುಗರೇ, ಇಂದು ರಾತ್ರಿ ಮಲಗುವ ಮುನ್ನ ನೀವು ದೇವರಿಗೆ ಸ್ತೋತ್ರ ಹೇಳುವಾಗ, ಈ ದಿನ ನಿಮ್ಮನ್ನು ಕಾದ ಕೈಗಳನ್ನು ಒಂದೊಂದಾಗಿ ನೆನೆಯಿರಿ. ಬಸ್ಸನ್ನು ಜೋಪಾನವಾಗಿ ನಡೆಸಿದವರು, ಕಂಬ ಹತ್ತಿ ತಂತಿ ಸರಿಪಡಿಸಿದವರು, ಸೆಲ್ಲು ಬದಲಾಯಿಸೆಂದು ಎರಡು ದಿನದಿಂದ ಹೇಳುತ್ತಿರುವವರು. ಬಳಿಕ, ನಿಮ್ಮಂತೆ ಮನೆಗೆ ಮರಳದವರ ಮನೆಯನ್ನೂ ನೆನೆಯಿರಿ. ಅವರು ಕೇಳುತ್ತಿದ್ದರೂ ಹೇಳಬಹುದಾದ ಸ್ತೋತ್ರವನ್ನೇ ಹೇಳಿರಿ. ಮತ್ತು ನಾಳೆ ಬೆಳಗ್ಗೆ, ಯಾರಿಗಾದರೂ ಒಂದು ಕೈಪಿಡಿಗೋಡೆ ಕಟ್ಟಿರಿ.

ನಾನಂತೂ ಈಗ ಪ್ರತಿ ಡಿಸೆಂಬರಿನಲ್ಲಿ ಎರಡು ಕವರು ಹಾಕುತ್ತೇನೆ. ಒಂದು ನನ್ನದು. ಇನ್ನೊಂದರ ಮೇಲೆ ಅಕ್ಕ ಬರೆಸುತ್ತಿದ್ದ ಮಾತನ್ನೇ ಬರೆಯುತ್ತೇನೆ.