ತಳದ ತಂತಿ

ತೇರು ನೋಡಲು ಹೋದವರೆಲ್ಲ ಮೇಲಿನ ಕಳಸಕ್ಕೆ ಕೈಮುಗಿಯುತ್ತಾರೆ. ಬಗ್ಗಿ ಅಚ್ಚನ್ನು ನೋಡುವವನು ಬಡಗಿಯೊಬ್ಬನೇ. ಸಂಗೀತದ ಕಥೆಯೂ ಇದೇ ತಾನೆ? ಹಾಡಿದವನ ಹೆಸರು ಊರಿಗೆಲ್ಲ ಗೊತ್ತು. ಕೆಳಗೆ ನಿಂತು ಹಾಡನ್ನು ಹೊತ್ತವನ ಹೆಸರು ಕೇಳಿದರೆ ರಸಿಕರೂ ತಲೆ ಕೆರೆದುಕೊಳ್ಳುತ್ತಾರೆ. ಹೀಗೆ ಹೊರುವವರಲ್ಲಿ ಬೇಸ್ ಗಿಟಾರು ನುಡಿಸುವವರದು ಒಂದು ಪಂಗಡ. 1980ರ ದಶಕದ ಪಾಪ್ ಹಾಡುಗಳಲ್ಲಿ ಅವರು ಮಾಡಿದ ಕೆಲಸದ ಬಗ್ಗೆ ನನಗೊಂದು ಹುಚ್ಚು ಹಿಡಿದಿದೆ. ಅದಕ್ಕೆ ಕಾರಣವೂ ಉಂಟು, ಆಮೇಲೆ ಹೇಳುತ್ತೇನೆ.

ಈ ವಾದ್ಯಕ್ಕೆ ಸಾಧಾರಣವಾಗಿ ನಾಲ್ಕೇ ತಂತಿ. ಅತಿ ದಪ್ಪನೆಯ ತಂತಿಯನ್ನು ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ನಾದ ಕಿವಿಗೆ ಬಿದ್ದಷ್ಟೇ ಎದೆಗೂ ತಾಗುತ್ತದೆ. ಒಂದು ಕೈ ಡ್ರಮ್ಮಿನವನ ಹೆಗಲ ಮೇಲೆ, ಇನ್ನೊಂದು ಕೈ ಹಾಡುಗಾರನ ಹೆಗಲ ಮೇಲೆ ಇಟ್ಟು ನಡೆಯುವ ನಡುವಿನವನು ಇವನು. ತಾಳಕ್ಕೂ ಬೇಕು, ಸ್ವರಕ್ಕೂ ಬೇಕು. ಎದ್ದುಹೋದಾಗ ಮಾತ್ರ ಎಲ್ಲರಿಗೂ ನೆನಪಾಗುತ್ತಾನೆ.

1982ರ ಕೊನೆಯಲ್ಲಿ ಬಂದ ಮೈಕೆಲ್ ಜಾಕ್ಸನ್ನನ ‘ಥ್ರಿಲ್ಲರ್’ ಆಲ್ಬಮ್ಮಿನಲ್ಲಿ ‘ಬಿಲ್ಲಿ ಜೀನ್’ ಎಂಬ ಹಾಡಿದೆ. ಮೊದಲು ಡ್ರಮ್ಮು, ಅದರ ಬೆನ್ನಿಗೇ ಲೂಯಿಸ್ ಜಾನ್ಸನ್ನನ ಬೇಸ್. ಹಾಡುಗಾರ ದನಿ ತೆಗೆಯಲು ಇನ್ನೂ ಹೊತ್ತಿದೆ. ಅಷ್ಟರವರೆಗೆ ಎಂಟು ಸ್ವರಗಳ ಒಂದೇ ನಡೆ ಮತ್ತೆ ಮತ್ತೆ ಬರುತ್ತದೆ, ರಾತ್ರಿ ಬೀದಿಯಲ್ಲಿ ಯಾರೋ ನಮ್ಮ ಹಿಂದೆಯೇ ಬರುತ್ತಿರುವಂತೆ. ‘ಈ ಮಗುವಿಗೆ ನೀನೇ ತಂದೆ’ ಎಂಬ ಆರೋಪಕ್ಕೆ ಸಿಕ್ಕವನ ಕಳವಳ ಆ ಹಾಡಿನ ವಸ್ತು. ಮಾತು ಹುಟ್ಟುವ ಮೊದಲೇ ಕಳವಳ ನಮಗೆ ಅಂಟಿರುತ್ತದೆ.

ಜಾನ್ಸನ್ನನಿಗೆ ಎಂಟು ಬೇಕಾದರೆ ಜಾನ್ ಡೀಕನ್ನನಿಗೆ ಎರಡೇ ಸಾಕು. ಕ್ವೀನ್ ತಂಡವೂ ಡೇವಿಡ್ ಬೋವಿಯೂ ಕೂಡಿ 1981ರಲ್ಲಿ ಹೊರತಂದ ‘ಅಂಡರ್ ಪ್ರೆಷರ್’ ಹಾಡಿನ ಆರಂಭ ಕೇಳಿ. ಎರಡೇ ಸ್ವರ, ಆದರೂ ಒಮ್ಮೆ ಕೇಳಿದವರು ಮರೆಯುವುದಿಲ್ಲ. ಕಡಮೆ ಮಾತಾಡುವವರ ಮಾತೇ ಮನೆಯಲ್ಲಿ ನಡೆಯುವುದನ್ನು ನಾವು ಕಂಡಿಲ್ಲವೆ?

ವೇಲ್ಸ್ ಪ್ರಾಂತದ ಪೀನೋ ಪಲ್ಲಡೀನೋ ಎಂಬವನದು ಬೇರೆ ಜಾಡು. ಮಾರ್ವಿನ್ ಗೇ ಹಿಂದೆ ಹಾಡಿದ್ದ ‘ವೇರೆವರ್ ಐ ಲೇ ಮೈ ಹ್ಯಾಟ್’ ಹಾಡನ್ನು 1983ರಲ್ಲಿ ಪಾಲ್ ಯಂಗ್ ಮತ್ತೆ ಹಾಡಿದ. ಅದು ಬ್ರಿಟನ್ನಿನ ಪಟ್ಟಿಯ ತುದಿಗೇರಿತು. ಅದರಲ್ಲಿ ಪಲ್ಲಡೀನೋ ಮೀಟಿದ ಬೇಸಿಗೆ ನಮ್ಮ ಗೋಟುವಾದ್ಯದಂತೆ ಮೆಟ್ಟಿಲುಗಳೇ ಇಲ್ಲ. ಬೆರಳು ಸ್ವರದಿಂದ ಸ್ವರಕ್ಕೆ ಜಾರುವಾಗ ಕನ್ನಡಿಗನ ಕಿವಿಗೆ ಗಮಕದ ನೆನಪು ಬಾರದೆ ಇರದು.

ದಕ್ಷಿಣ ಆಫ್ರಿಕದ ಬಕಿಥಿ ಕುಮಾಲೊ ಇದಕ್ಕಿಂತ ತುಂಟ. ಪಾಲ್ ಸೈಮನ್ನನ ‘ಯು ಕ್ಯಾನ್ ಕಾಲ್ ಮಿ ಆಲ್’ ಹಾಡಿನಲ್ಲಿ (1986) ಅವನ ಬೇಸ್ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ. ಆ ಮಿಂಚಿನ ಅರ್ಧ ಮಾತ್ರ ಅವನು ನುಡಿಸಿದ್ದು; ಉಳಿದರ್ಧ ಅದೇ ಟೇಪನ್ನು ತಿರುಗುಮುರುಗಾಗಿ ಓಡಿಸಿ ಜೋಡಿಸಿದ್ದು. ಎತ್ತಲಿಂದ ಓದಿದರೂ ಒಂದೇ ಆಗುವ ನಮ್ಮ ‘ವಿಕಟಕವಿ’ ಇದ್ದ ಹಾಗೆ!

ಇವರೆಲ್ಲರ ನಡುವೆ ಪ್ರಿನ್ಸ್ ಒಬ್ಬ ವಿಲಕ್ಷಣ. 1984ರ ‘ವೆನ್ ಡವ್ಸ್ ಕ್ರೈ’ ಹಾಡಿಗೆ ಇದ್ದ ಬೇಸನ್ನು ತಾನೇ ತೆಗೆದುಹಾಕಿದ. ಅಮೆರಿಕದಲ್ಲಿ ಹಾಡು ಮೊದಲ ಸ್ಥಾನಕ್ಕೇರಿತು. ಕೇಳುವಾಗ ನೆಲವಿಲ್ಲದ ಮನೆಯಲ್ಲಿ ನಡೆದಂತಾಗುತ್ತದೆ. ಒಡೆದ ಸಂಸಾರದ ಆ ಹಾಡಿಗೆ ಬೇಕಾದದ್ದೂ ಅದೇ.

ಇನ್ನು ನನ್ನ ಹುಚ್ಚಿನ ಕಾರಣ. ಈ ಹಾಡುಗಳು ಹೊಸದಾಗಿದ್ದ ಕಾಲಕ್ಕೆ ನಮ್ಮ ಮನೆಯಲ್ಲಿ ಇದ್ದದ್ದು ಅಂಗೈಯಗಲದ ಸ್ಪೀಕರಿನ ಟ್ರಾನ್ಸಿಸ್ಟರು. ಅಷ್ಟು ಸಣ್ಣ ಸ್ಪೀಕರು ಮಂದ್ರವನ್ನು ಎಲ್ಲಿ ಹೊರಡಿಸೀತು? ಹಾಡಿನ ಕಳಸವಷ್ಟೇ ನನ್ನ ಪಾಲಿಗೆ ಬಂತು. ಒಳ್ಳೆಯ ಹೆಡ್‌ಫೋನು ಕೊಳ್ಳುವ ಶಕ್ತಿ ಬಂದಾಗ ಅಚ್ಚೂ ಕೇಳಿಸಿತು. ಹಳೆಯ ಗೆಳೆಯನಿಗೆ ಕಾಲುಗಳೂ ಇವೆಯೆಂದು ಆಗ ತಿಳಿದ ಹಾಗಾಯಿತು. ಈಗ ವಯಸ್ಸು ಅರವತ್ತು ದಾಟಿದೆ. ವೈದ್ಯರು ನನ್ನ ಕಿವಿಯ ಪರೀಕ್ಷೆ ಮಾಡಿ ಒಂದು ನಕ್ಷೆ ತೋರಿಸಿದರು. ಎಡಗಡೆ ಬಯಲು, ಬಲಗಡೆ ಆಗುಂಬೆಯ ಇಳಿಜಾರು. ಮುಪ್ಪಿನ ಕಿವಿ ಮೊದಲು ಕೈಬಿಡುವುದು ತಾರಸ್ಥಾಯಿಯನ್ನಂತೆ. ಜೀರುಂಡೆಗಳು ಹೋದವು, ಸಕಾರ ಶಕಾರಗಳು ಹೋಗುತ್ತಿವೆ. ಬೇಸ್ ಮಾತ್ರ ಮೊದಲಿನಂತೆಯೇ ಇದೆ. ಅಂದು ಯಂತ್ರ ತಳವನ್ನು ಮುಚ್ಚಿಟ್ಟಿತು; ಇಂದು ಕಿವಿ ತುದಿಯನ್ನು ಮುಚ್ಚಿಡುತ್ತಿದೆ.

ಹಾಡಿನ ಮಟ್ಟಿಗೆ ಇದರಲ್ಲಿ ನನಗೆ ದೊಡ್ಡ ದುಃಖವೇನಿಲ್ಲ. ಆದರೆ ಏಳು ವರ್ಷದ ಮೊಮ್ಮಗಳ ದನಿ ತೆಳುವಾದದ್ದು. ಶಾಲೆಯಿಂದ ಬಂದವಳೇ ಏನೋ ಹೇಳುತ್ತಾಳೆ. ಮೊದಲ ಸಲ ‘ಆಂ?’ ಎನ್ನುತ್ತೇನೆ, ಎರಡನೆಯ ಸಲವೂ ‘ಆಂ?’ ಎನ್ನುತ್ತೇನೆ. ಮೂರನೆಯ ಸಲ ಅವಳು ‘ಏನಿಲ್ಲ ಬಿಡು, ತಾತ’ ಎಂದು ಓಡಿಹೋಗುತ್ತಾಳೆ. ಆ ‘ಏನಿಲ್ಲ ಬಿಡು’ ಮಾತ್ರ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎನ್ನುತ್ತೀರಿ!

ಮೊನ್ನೆ ಶ್ರವಣಯಂತ್ರಕ್ಕೆ ಕಿವಿಯ ಅಳತೆ ಕೊಟ್ಟು ಬಂದೆ. ಪಾಪ್ ಹಾಡಿಗಾಗಿ ಅಲ್ಲ. ಅದನ್ನು ಹೊತ್ತು ತರಲು ಜಾನ್ಸನ್, ಡೀಕನ್ ಮೊದಲಾದವರಿದ್ದಾರೆ. ಮೊಮ್ಮಗಳ ಮಾತಿಗೆ ಬೇಸ್ ಇಲ್ಲ.