ಜಿಪ್ಸಿಯ ಜಮಾ-ಖರ್ಚು

ನಮ್ಮೂರಿನ ಹೆಸರಿನಲ್ಲಿ ಸಮುದ್ರವಿದೆ. ಆದರೆ ನಿಜವಾದ ಸಮುದ್ರ ನೋಡಬೇಕೆಂದರೆ ಪೂರ್ವಕ್ಕೆ ಮದರಾಸಿಗೆ ಹೋಗಬೇಕು, ಇಲ್ಲವೇ ಪಶ್ಚಿಮಕ್ಕೆ ಮಂಗಳೂರಿಗೆ. ಹಿಂದಿನವರು ದೊಡ್ಡ ಕೆರೆ ಕಟ್ಟಿದರೆ ಅದನ್ನೇ ಸಮುದ್ರ ಎಂದು ಕರೆದು ತೃಪ್ತಿಪಡುತ್ತಿದ್ದರು. ಕೋಲಾರದಿಂದ ಮುಳಬಾಗಿಲಿಗೆ ಹೋಗುವಾಗ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಬೆಟ್ಟ ಕಂಡರೆ ದೇವರಾಯಸಮುದ್ರ ಬಂತೆಂದು ತಿಳಿಯಿರಿ. ಹೆದ್ದಾರಿಗೆ ಈಗ 75 ಎಂಬ ಸಂಖ್ಯೆ ಬಂದಿದೆ. ನಮ್ಮ ಬಾಯಲ್ಲಿ ಅದು ಇನ್ನೂ ‘ಎನ್‌ಎಚ್ ಫೋರ್’. ಬಂಟ್ವಾಳದಲ್ಲಿ ಹೊರಟು ಸಕಲೇಶಪುರ, ಹಾಸನ, ಬೆಂಗಳೂರು, ಕೋಲಾರ ದಾಟಿ, ನಮ್ಮೂರನ್ನು ಸವರಿಕೊಂಡು ವೇಲೂರಿನವರೆಗೆ ಹೋಗುತ್ತದೆ.

ಅದೇ ರಸ್ತೆ ಹಿಡಿದು ಈ ಬೇಸಿಗೆಯಲ್ಲಿ ಸಕಲೇಶಪುರದ ಕಾಫಿ ತೋಟವೊಂದರಿಂದ ಹಳೆಯ ಮಾರುತಿ ಜಿಪ್ಸಿಯೊಂದು ನಮ್ಮ ಮನೆ ಬಾಗಿಲಿಗೆ ಬಂತು. ತಂದವನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮೊಮ್ಮಗ. ಪಕ್ಕದಲ್ಲಿ ಅವನ ತಂಗಿ, ಎಂಟನೇ ಕ್ಲಾಸಿನವಳು. ದಸರಾ ರಜೆಯಲ್ಲಿ ಹೆದ್ದಾರಿ ಬಿಟ್ಟು ಹಳ್ಳಿದಾರಿ, ಘಟ್ಟದ ದಾರಿಗಳಲ್ಲೇ ಪಡುವಣ ಕಡಲಿನವರೆಗೆ ಹೋಗಬೇಕು, ದಾರಿಯಲ್ಲೇ ಅಡುಗೆ, ದಾರಿಯಲ್ಲೇ ನಿದ್ದೆ, ತಾತ-ಅಜ್ಜಿಯೂ ಬರಬೇಕು ಎಂಬುದು ಇಬ್ಬರ ಯೋಜನೆ. ಕಡಲನ್ನೇ ನೋಡಿರದ ನನ್ನ ಹೆಂಡತಿ ಅಂದಿನಿಂದಲೇ ದಿನ ಎಣಿಸತೊಡಗಿದಳು.

ಮಕ್ಕಳೇ, ಜಿಪ್ಸಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. 1985ರಲ್ಲಿ ಬಂದ ಗಾಡಿ ಇದು. ನಮ್ಮ ಸೈನ್ಯ, ಪೊಲೀಸರು, ಅರಣ್ಯದವರು ಎಲ್ಲರೂ ಓಡಿಸಿದರು. 2019ರಲ್ಲಿ ಪೇಟೆಯಿಂದ ಮರೆಯಾಯಿತು. ಮೈ ಹಗುರ, ಎತ್ತಿನ ಗಾಡಿಯಷ್ಟೇ ಸರಳ. ಡ್ರೈವರ್ ಪಕ್ಕದಲ್ಲಿ ಗೇರಿನ ಕೋಲಿನ ಜೊತೆ ಇನ್ನೊಂದು ಕೋಲಿದೆ. ಅದನ್ನು ಎಳೆದರೆ ಹಿಂದಿನ ಎರಡು ಚಕ್ರಗಳ ಜೊತೆಗೆ ಮುಂದಿನ ಎರಡಕ್ಕೂ ಎಂಜಿನ್ನಿನ ಬಲ ಸಿಗುತ್ತದೆ. ಇನ್ನೂ ಒಂದು ಮಜಲಿನಲ್ಲಿ ಗಾಡಿ ಆಮೆಯಷ್ಟು ನಿಧಾನವಾಗಿ, ಆನೆಯಷ್ಟು ಬಲವಾಗಿ ಹತ್ತುತ್ತದೆ. ಸೈಕಲ್ಲಿನ ಸಣ್ಣ ಗೇರಿನಲ್ಲಿ ಕಾಲು ಹೆಚ್ಚು ತುಳಿಯುತ್ತದೆ, ಚಕ್ರ ಕಡಿಮೆ ಸುತ್ತುತ್ತದೆ, ಏರು ಮಾತ್ರ ಸಲೀಸಾಗುತ್ತದಲ್ಲ, ಹಾಗೆಯೇ. ಆದರೆ ಒಣಗಿದ ಟಾರು ರಸ್ತೆಯಲ್ಲಿ ಆ ಕೋಲನ್ನು ಮುಟ್ಟಬಾರದು. ತಿರುವಿನಲ್ಲಿ ಮುಂದಿನ ಚಕ್ರ ನಡೆಯುವ ದೂರ ಬೇರೆ, ಹಿಂದಿನದು ನಡೆಯುವ ದೂರ ಬೇರೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರಿನಲ್ಲಿ ಜಾರಲಾಗದೆ ಒಳಗಿನ ಹಲ್ಲುಚಕ್ರಗಳು ತಿರುಚಿಕೊಳ್ಳುತ್ತವೆ.

ಮೊಮ್ಮಗ ಟೈರು, ಸ್ಪ್ರಿಂಗು ತೋರಿಸಿದ. ನಾನು ಆರ್‌ಸಿ ಕೇಳಿದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಕಣ್ಣು ಮೊದಲು ಕಾಗದಕ್ಕೇ ಹೋಗುತ್ತದೆ. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದು ಆಗಿತ್ತು. ಮಾರಾಟದ ನಮೂನೆ 29, 30 ಎರಡೂ ಇದ್ದವು. ಆದರೆ ಆರ್‌ಸಿಯಲ್ಲಿ ಬ್ಯಾಂಕೊಂದರ ಹೆಸರಿನ ಮುಂದೆ ‘ಹೈಪಾಥಿಕೇಶನ್’ ಎಂಬ ಪದ ಇನ್ನೂ ಕುಳಿತಿತ್ತು. ಸಾಲ ತೀರುವವರೆಗೆ ಗಾಡಿ ಬ್ಯಾಂಕಿಗೆ ಅಡವು ಎಂದು ಅದರ ಅರ್ಥ. “ಸಾಲ ಎಂದೋ ತೀರಿದೆಯಂತೆ ತಾತ” ಎಂದ. ಸಾಲ ತೀರಿದರೆ ಸಾಲದು, ತೀರಿದೆ ಎಂದು ಬ್ಯಾಂಕು ಬರೆದುಕೊಡಬೇಕು, ನಮೂನೆ 35ಕ್ಕೆ ಸಹಿ ಬೀಳಬೇಕು, ಆರ್‌ಟಿಓ ಕಚೇರಿಯಲ್ಲಿ ಆ ಪದ ಅಳಿಯಬೇಕು. ಹಳೆಯ ಗಾಡಿ ಕೊಳ್ಳುವವರು ಎಂಜಿನ್ ಶಬ್ದ ಕೇಳುವ ಮೊದಲು ಇದನ್ನು ನೋಡುವುದು ಒಳ್ಳೆಯದು. ಮೊಮ್ಮಗ ಮಾರನೆಯ ವಾರವೇ ಆ ಕೆಲಸ ಮುಗಿಸಿದ.

ದೊಡ್ಡ ತಕರಾರು ಬಂದಿದ್ದು ಸಾಮಾನಿನ ವಿಷಯದಲ್ಲಿ. ಹಿಂದಿನ ಮಾಲೀಕರು ಮುಂದಕ್ಕೆ ದಪ್ಪ ಕಬ್ಬಿಣದ ಗಾರ್ಡು, ಕೆಸರಿನಲ್ಲಿ ಹೂತರೆ ಎಳೆದುಕೊಳ್ಳಲು ವಿಂಚು ಹಾಕಿಸಿದ್ದರು. ಮೊಮ್ಮಗ ಅದರ ಮೇಲೆ ಟಾಪಿಗೆ ಕ್ಯಾರಿಯರು, ಕ್ಯಾರಿಯರಿನ ಮೇಲೆ ಬಿಚ್ಚಿದರೆ ಕೋಣೆಯಾಗುವ ಗುಡಾರ, ಒಳಗೆ ಪುಟ್ಟ ಫ್ರಿಜ್, ಅದಕ್ಕೊಂದು ಬೇರೆ ಬ್ಯಾಟರಿ, ಪೆಟ್ರೋಲಿಗೆ ಎರಡು ಕ್ಯಾನು ಕೂಡಿಸಿದ್ದ. “ಇದನ್ನೆಲ್ಲ ತೂಗಿದ್ದೀಯೇನಪ್ಪಾ?” ಎಂದೆ. ತೂಗಿರಲಿಲ್ಲ. ಹುಣಸೆಹಣ್ಣು ತೂಗುವ ತಕ್ಕಡಿ ಹಿತ್ತಲಿನಲ್ಲೇ ಇತ್ತು. ಗಾರ್ಡು, ವಿಂಚು ಬಿಚ್ಚಿ ಅವನ್ನೂ ತೂಗಿದೆವು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಗುಡಾರ 58 ಕೆ.ಜಿ., ಕ್ಯಾರಿಯರು 35, ಗಾರ್ಡು 40, ವಿಂಚು 30, ತುಂಬಿದ ಪೆಟ್ರೋಲ್ ಕ್ಯಾನು ಎರಡು 38, ಕುಡಿಯುವ ನೀರು 42, ಫ್ರಿಜ್ 18, ಬ್ಯಾಟರಿ 20. ಜಾಕು, ಹಗ್ಗ, ಒಲೆ, ಅಕ್ಕಿಬೇಳೆ, ಬಟ್ಟೆಬರೆ ಎಲ್ಲ ಸೇರಿ 100. ಒಟ್ಟು 381. ಆಮೇಲೆ ನಾವು ನಾಲ್ವರೂ ಒಬ್ಬೊಬ್ಬರಾಗಿ ನಿಂತೆವು: 232. ಎರಡೂ ಕೂಡಿದರೆ 613.

ಸೈನ್ಯದ ಲೆಕ್ಕದಲ್ಲಿ ಜಿಪ್ಸಿ 500 ಕೆ.ಜಿ. ಹೊರುವ ವರ್ಗದ ಗಾಡಿ. ನಾವೂ ಅದನ್ನೇ ಮಿತಿ ಎಂದಿಟ್ಟುಕೊಂಡಿದ್ದೆವು. 113 ಹೆಚ್ಚಾಗಿತ್ತು. ಲೆಕ್ಕದಲ್ಲಿ ಚುರುಕಾದ ಹುಡುಗಿ ಪೆನ್ನು ಕಚ್ಚುತ್ತ, “ತಾತ 61, ಅಜ್ಜಿ 57, ಒಟ್ಟು 118. ನೀವಿಬ್ಬರು ಇಳಿದರೆ ಸರಿಹೋಗುತ್ತೆ!” ಎಂದು ನಕ್ಕಳು. ಮೊಮ್ಮಗ ನಗಲಿಲ್ಲ, ತುಸು ಯೋಚಿಸಿ, “ನೀವಿಬ್ಬರೂ ಮಂಗಳೂರಿಗೆ ರೈಲಿನಲ್ಲಿ ಬಂದುಬಿಟ್ಟರೆ?” ಎಂದ. ಲೆಕ್ಕವೇನೋ ಸರಿಯಾಗಿತ್ತು. ನನ್ನ ಹೆಂಡತಿ ಏನೂ ಹೇಳದೆ ಅಕ್ಕಿ ಆರಿಸುವ ಮೊರ ತೆಗೆದುಕೊಂಡು ಒಳಗೆ ಹೋದಳು.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಮಕ್ಕಳಿಗೆ ನಾನು ಓದಿದ್ದ ಒಂದು ಸಂಗತಿ ಹೇಳಿದೆ. 1955ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನ ಆರು ವಿದ್ಯಾರ್ಥಿಗಳು ಎರಡು ಲ್ಯಾಂಡ್ ರೋವರುಗಳಲ್ಲಿ ಲಂಡನ್ನಿನಿಂದ ಹೊರಟು, ನಮ್ಮ ದೇಶವನ್ನೂ ಹಾದು, ಮರುವರ್ಷ ಸಿಂಗಪುರ ಮುಟ್ಟಿದರು. ಆ ಎರಡರಲ್ಲಿ ಒಂದು ಗಾಡಿ ಆಮೇಲೆ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ ಹಾಳುಬಿದ್ದಿತ್ತು. ಅದನ್ನು ತಂದು ರಿಪೇರಿ ಮಾಡಿ, 2019ರ ಆಗಸ್ಟಿನಲ್ಲಿ ಸಿಂಗಪುರದಿಂದ ಲಂಡನ್ನಿಗೆ ವಾಪಸು ಓಡಿಸಲು ಹೊರಟರು. ಮೊದಲ ಪ್ರಯಾಣದಲ್ಲಿದ್ದ ಟಿಮ್ ಸ್ಲೆಸರ್ ಅವರಿಗೆ ಆಗ 87 ವರ್ಷ. ಅವರೂ ಹೊರಡುವುದೆಂದು ಸಿಂಗಪುರಕ್ಕೆ ಬಂದಿದ್ದರು. ಅಲ್ಲೇ ಕಾಯಿಲೆ ಬಿದ್ದರು. ಅವರ ಜಾಗದಲ್ಲಿ ಮೊಮ್ಮಗ ಕುಳಿತ. ಡಿಸೆಂಬರಿನಲ್ಲಿ ಗಾಡಿ ಲಂಡನ್ ತಲುಪಿತು.

“ಅವರಿಗೆ ಎಷ್ಟು ಬೇಜಾರಾಗಿರಬೇಕು!” ಎಂದಳು ಹುಡುಗಿ. ಮೊಮ್ಮಗ ನೋಟ್‌ಬುಕ್ ತಿರುವಿಹಾಕುತ್ತಿದ್ದ.

ಬೆಳಿಗ್ಗೆ ಎದ್ದು ನೋಡಿದರೆ ಸ್ಪ್ಯಾನರ್ ಹಿಡಿದು ಗುಡಾರದ ಬೋಲ್ಟು ಬಿಚ್ಚುತ್ತಿದ್ದಾನೆ. ಏಣಿ ಹತ್ತಿ ಮಲಗುವುದು ಅಜ್ಜಿಗೆ ಹೇಗೂ ಆಗುವುದಿಲ್ಲವಂತೆ! ಟಾಪಿನ ಮೇಲಿನ ಭಾರ ಎಲ್ಲಕ್ಕಿಂತ ಅಪಾಯ ಎನ್ನುವುದೂ ಅವನಿಗೆ ಗೊತ್ತಿತ್ತು. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಬೆಟ್ಟದ ಓರೆಯಲ್ಲಿ ಇಳಿಯುವವರನ್ನು ನೋಡಿ. ಅದೇ ಕೊಡ ಸೊಂಟದಲ್ಲಿದ್ದರೆ ನಡಿಗೆಯೇ ಬೇರೆ. ಗುಡಾರ ಹೋದ ಮೇಲೆ ಕ್ಯಾರಿಯರಿಗೆ ಕೆಲಸವಿಲ್ಲ. ಬಿಚ್ಚಿಟ್ಟ ಗಾರ್ಡನ್ನು ಮತ್ತೆ ಹಾಕಲೇಬಾರದು ಎಂದು ನಾನೇ ಹೇಳಿದೆ. ಡಿಕ್ಕಿಯಾದಾಗ ರಸ್ತೆಯಲ್ಲಿ ನಡೆಯುವವರಿಗೂ ಒಳಗಿದ್ದವರಿಗೂ ಅದು ಕುತ್ತು. ಅಂಥ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಗಾಡಿಯ ರೂಪವನ್ನೇ ಮನಬಂದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ವಿಂಚು, ಫ್ರಿಜ್, ಎರಡನೇ ಬ್ಯಾಟರಿ, ಪೆಟ್ರೋಲ್ ಕ್ಯಾನು ಒಂದೊಂದಾಗಿ ಕೊಟ್ಟಿಗೆ ಸೇರಿದವು. ಪಡುವಣ ಕಡಲಿನ ದಾರಿಯಲ್ಲಿ ಪೆಟ್ರೋಲ್ ಬಂಕಿಗೇನು ಬರವೇ? ಕಳೆದದ್ದು 239, ಉಳಿದದ್ದು 374. ಮೊಮ್ಮಗಳು ಎರಡು ಗೆರೆ ಎಳೆದು ‘ತಾಳೆಯಾಯಿತು’ ಎಂದು ಬರೆದಳು. ನಾನೇ ಹೇಳಿಕೊಟ್ಟ ಮಾತು.

ಪರೀಕ್ಷೆಗೆಂದು ಒಂದು ದಿನ ಆವಣಿಗೆ ಹೊರಟೆವು. ಕೆರೆಯಂಗಳದಲ್ಲಿ ನೀರು ಹಿಂದೆ ಸರಿದು ಬಯಲಾಗಿತ್ತು. ಅಲ್ಲಿಗೆ ಇಳಿಸಿ ನಾಲ್ಕು ಚಕ್ರದ ಬಲ ನೋಡೋಣ ಎಂದ ಮೊಮ್ಮಗ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಕೋಲು ಅಡ್ಡ ಹಿಡಿದು, “ಬ್ಯಾಡಪ್ಪ, ಅಲ್ಲಿ ಮೊಟ್ಟೆ ಇದಾವೆ” ಎಂದರು. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬರಿ ನೆಲದಲ್ಲಿ ಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ಮೊಟ್ಟೆ ಇಡುತ್ತದೆ. ಗಾಡಿಯಲ್ಲಿ ಕುಳಿತವರಿಗೆ ಕಾಣುವುದೇ ಇಲ್ಲ. ತಾಯಿ ಹಕ್ಕಿ ಆಗಲೇ ನಮ್ಮ ತಲೆಯ ಮೇಲೆ ಕೂಗುತ್ತ ಸುತ್ತತೊಡಗಿತ್ತು. ಗಾಡಿ ಏರಿಯ ಮೇಲೂ ಹತ್ತಲಿಲ್ಲ, ಅಂಗಳಕ್ಕೂ ಇಳಿಯಲಿಲ್ಲ. ಮಾವಿನ ತೋಪುಗಳ ನಡುವಿನ ಬಂಡಿದಾರಿಯಲ್ಲಿ ಹೋದೆವು. ಹಳ್ಳ ದಾಟಿ ಏರುವಲ್ಲಿ ಚಕ್ರ ಒಮ್ಮೆ ಸುಮ್ಮನೆ ತಿರುಗಿತು. ಮೊಮ್ಮಗ ಇಳಿದು ಮುಂದಿನ ಚಕ್ರಗಳ ಗುಬಟು ತಿರುಗಿಸಿ, ಚಿಕ್ಕ ಕೋಲು ಎಳೆದ. ಜಿಪ್ಸಿ ಗುರುಗುಡುತ್ತ, ಯಾವ ಅವಸರವೂ ಇಲ್ಲದೆ ಮೇಲೆ ಬಂತು. ಅಜ್ಜಿ ಕಂಬಿ ಬಿಗಿಯಾಗಿ ಹಿಡಿದಿದ್ದಳು. “ಇನ್ನೊಂದು ಸಲ ಹತ್ತಿಸೋ” ಎಂದಳು!

ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹವಿದೆ. ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಊರವರ ನಂಬಿಕೆ. ಸೀತಮ್ಮನ ಗುಡಿಯಿರುವುದು ಬೆಟ್ಟದ ಮೇಲೆ. ಅಲ್ಲಿಗೆ ಜಿಪ್ಸಿಯೂ ಬೇಡ, ಕಾಲೇ ಸಾಕು. ಮಕ್ಕಳು ಹತ್ತಿ ಬಂದರು. ನಾವು ಕೆಳಗೆ ಕಲ್ಲುಕಂಬದ ನೆರಳಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಫ್ರಿಜ್ ಇಲ್ಲದಿದ್ದರೂ ಒದ್ದೆ ಬಟ್ಟೆ ಸುತ್ತಿದ್ದ ಮಜ್ಜಿಗೆಯ ತಂಬಿಗೆ ತಣ್ಣಗೇ ಇತ್ತು.

ದಸರೆಗೆ ಇನ್ನೂ ತಿಂಗಳುಗಳಿವೆ. ಮೊಮ್ಮಗಳ ನೋಟ್‌ಬುಕ್ ನಮ್ಮ ಮನೆಯಲ್ಲೇ ಇದೆ. ಮೊನ್ನೆ ತೆಗೆದು ನೋಡಿದರೆ 374ರ ಕೆಳಗೆ ನನ್ನ ಹೆಂಡತಿಯ ಅಕ್ಷರದಲ್ಲಿ ಒಂದು ಸಾಲು ಸೇರಿದೆ: ‘ಮಾವಿನ ಉಪ್ಪಿನಕಾಯಿ ಜಾಡಿ, 3 ಕೆ.ಜಿ. 200 ಗ್ರಾಂ.’