ಹೊಲಕ್ಕೆ ಉಣಿಸುವ ಬೆಳೆ

ಬಸವನ ಬಾಗೇವಾಡಿ ಸೀಮೆಯ ಎರೆಹೊಲದಲ್ಲಿ ಮಿರಗ ಮಳೆಗೆ ಸೆಣಬು ಬಿತ್ತಿ, ಎದೆಮಟ್ಟ ಬೆಳೆದು ಹಳದಿ ಹೂ ಬಿಡುವಾಗ ಹಾಗೆಯೇ ಮಣ್ಣಿಗೆ ಸೇರಿಸುವುದು ಒಕ್ಕಲುತನದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ. ಒಂದು ಕಾಳೂ ಮನೆಗೆ ಬರುವುದಿಲ್ಲ. ಬೆಳೆದದ್ದೆಲ್ಲ ಹೊಲದ ಪಾಲು. ಹೂವಿನ ಚೆಲುವು ಬದಿಗಿಟ್ಟು ಲೆಕ್ಕಕ್ಕೇ ಬರೋಣ. ಎಕರೆಗೆ ಐದು ಟನ್ ಹಸಿ ಸೊಪ್ಪು ಬಂತೆನ್ನಿ. ಐದರಲ್ಲಿ ನಾಲ್ಕು ಪಾಲು ನೀರು. ಉಳಿದ ಒಂದು ಟನ್ನಿನಲ್ಲಿ ಶೇ. 2.5ರಷ್ಟು ಸಾರಜನಕ ಹಿಡಿದರೆ 25 ಕಿಲೋ ಆಯಿತು. 45 ಕಿಲೋದ ಯೂರಿಯಾ ಚೀಲದಲ್ಲಿರುವುದು 21 ಕಿಲೋಗಿಂತ ತುಸು ಕಡಿಮೆ. ಸೊಪ್ಪಿನ ಸಾರಜನಕದಲ್ಲಿ ಒಂದಷ್ಟು ಮಣ್ಣಿನದೇ. ಮಿಕ್ಕಿದ್ದು ಬೇರಿನ ಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಗಾಳಿಯಿಂದ ಹಿಡಿದದ್ದು. ಗಂಟು ಒಡೆದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆದಿದೆ ಎಂದರ್ಥ. ಯೂರಿಯಾ ಕೊಡಲಾರದ್ದು ಸಾವಯವ ಪದಾರ್ಥ. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಮೇಲೆ ತಿಪ್ಪೆಗಳೂ ಸಣ್ಣವಾದವು. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎನ್ನಿಸಿಕೊಂಡ ಡೋಣಿ ಹೊಳೆಸಾಲಿನ ಮಣ್ಣಿಗೆ ಆ ಗೊಬ್ಬರ ಎಲ್ಲಿಂದ ಬರಬೇಕು? ಹೊಲದಲ್ಲೇ ಬೆಳೆಯಬೇಕು.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ನೀರಿನದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಜಿಲ್ಲೆ. ಹಿಂಗಾರಿ ಬಿಳಿಜೋಳ ನಿಲ್ಲುವುದೇ ಎರೆ ಕುಡಿದಿಟ್ಟ ತೇವದ ಮೇಲೆ. ಅದನ್ನು ಸೆಣಬು ಮೊದಲೇ ಹೀರಿಬಿಟ್ಟರೆ? ಸುಳ್ಳಲ್ಲ. ಆದರೆ ಬರಿಹೊಲವೂ ನೀರನ್ನು ಪೂರ್ತಿ ಕಾಯುವುದಿಲ್ಲ; ಒಂದಷ್ಟು ಬಿಸಿಲಿಗೆ ಆರುತ್ತದೆ, ಒಂದಷ್ಟು ಜೋರು ಮಳೆಯಲ್ಲಿ ಮೇಲ್ಮಣ್ಣನ್ನೂ ಕರೆದುಕೊಂಡು ಹಳ್ಳ ಸೇರುತ್ತದೆ. ಇಲ್ಲಿ ಮಳೆ ಹೆಚ್ಚು ಸುರಿಯುವ ತಿಂಗಳು ಸೆಪ್ಟೆಂಬರ್. ಜೂನ್ ನಡುವೆ ಬಿತ್ತಿದ್ದನ್ನು 45–50 ದಿನಕ್ಕೆ, ಆಶ್ಲೇಷಾ ಮಳೆಯ ಹೊತ್ತಿಗೆ ಮಗುಚಿದರೆ ಮಘಾ, ಹುಬ್ಬಿ ಮಳೆಗಳಲ್ಲಿ ಸೊಪ್ಪು ಕೊಳೆಯುತ್ತದೆ, ಖಾಲಿಯಾದ ತೇವವೂ ತುಂಬಿಕೊಳ್ಳುತ್ತದೆ. ಉತ್ತರಿಯ ಹದಕ್ಕೆ ಕೂರಿಗೆ ಹೂಡಬಹುದು. ವಿಜಯಪುರದ ಹಿಟ್ನಳ್ಳಿ ಸಂಶೋಧನಾ ಕೇಂದ್ರದವರು ಹೇಳುತ್ತ ಬಂದಿರುವ ಚೌಕುಮಡಿಗಳನ್ನು ಈ ನಡುವೆ ಹಾಕಿಕೊಂಡರಂತೂ ಮಳೆ ಬಿದ್ದಲ್ಲೇ ಇಂಗುತ್ತದೆ. ಇನ್ನಷ್ಟು ಬೆಳೆಯಲಿ ಎಂಬ ಆಸೆ ಮಾತ್ರ ಕೆಟ್ಟದ್ದು. ಕಾಯಿ ಕಟ್ಟಿದ ಸೆಣಬು ಹಗ್ಗಕ್ಕೆ ಒಳ್ಳೆಯದು, ಹೊಲಕ್ಕಲ್ಲ: ನಾರು ಬಲಿತಷ್ಟೂ ಕೊಳೆಯುವುದು ತಡ, ಕೊಳೆಸುವ ಸೂಕ್ಷ್ಮಜೀವಿಗಳು ಜೋಳಕ್ಕೆ ಸಿಗಬೇಕಾದ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ. ಜುಲೈ ಒಣಗಿದ ವರ್ಷ ಮೊಳಕಾಲುದ್ದದ ಬೆಳೆಯನ್ನೇ ಮಗುಚಿಬಿಡಬೇಕು.

ಎರಡು ತಿಂಗಳು ಹೊಲ ಹಿಡಿದು ರೊಕ್ಕ ಕೊಡದ ಬೆಳೆ ಸಣ್ಣ ಒಕ್ಕಲಿಗನಿಗೆ ಹೇಗೆ ಕೈಗೂಡೀತು? ಅವನಿಗೆ ಹೆಸರುಕಾಳಿನ ದಾರಿಯಿದೆ. ಕಾಯಿ ಬಿಡಿಸಿಕೊಂಡು, ಗಿಡ ಒಣಗುವ ಮುಂಚೆ ಮಣ್ಣಿಗೆ ಸೇರಿಸಬಹುದು. ಸೆಣಬಿನಷ್ಟು ಸೊಪ್ಪು ಸಿಗದು, ಸಾರಜನಕದ ದೊಡ್ಡ ಪಾಲು ಕಾಳಿನೊಂದಿಗೆ ಮನೆಗೆ ಹೋಗುತ್ತದೆ. ಆದರೂ ಬರಿಹೊಲಕ್ಕಿಂತ ಮೇಲು. ರಂಜಕವನ್ನು ಯಾವ ಸೊಪ್ಪೂ ಹುಟ್ಟಿಸದು, ಮಣ್ಣಿನಲ್ಲಿದ್ದದ್ದನ್ನೇ ತಿರುಗಿಸಿ ಕೊಡುತ್ತದೆ. ಒಂದೇ ವರ್ಷದಲ್ಲಿ ಮಣ್ಣು ಬದಲಾದೀತು ಎನ್ನುವವರ ಮಾತನ್ನೂ ಒಪ್ಪಲಾರೆ: ನಮ್ಮ ಬಿಸಿಲಿಗೆ ಎಳೆಯ ಸೊಪ್ಪು ಬೇಗ ಕರಗುತ್ತದೆ, ಮತ್ತೆ ಮತ್ತೆ ಹಾಕಬೇಕು. ಮುಂಗಾರಿಯಲ್ಲೇ ತೊಗರಿ ನಿಂತ ಹೊಲದಲ್ಲಿ ಸೆಣಬನ್ನು ಬೇರೆಯಾಗಿ ಬೆಳೆಯಲು ಜಾಗವಿಲ್ಲ. ಅಲ್ಲಿ ಬದುವಿನ ಮೇಲೆ ಗ್ಲಿರಿಸಿಡಿಯಾ ಹಚ್ಚಿ, ಟೊಂಗೆ ಕಡಿದು ಸಾಲುಗಳ ನಡುವೆ ಹರವಬೇಕು. ಕಡಿದಷ್ಟೂ ಚಿಗುರುವ ಗಿಡ, ಬದುವಿನ ಮಣ್ಣನ್ನೂ ಹಿಡಿದಿಡುತ್ತದೆ.